ಎಂಬತ್ತು ಸೆಕೆಂಡಿನ ಲೆಕ್ಕ

ಎಂಜಿನಿಯರಿಂಗ್ ರ‍್ಯಾಂಕ್ ಕಟ್ಟುವಾಗ ಪಿಯುಸಿಯ ಮೂರು ವಿಷಯಗಳ 300 ಅಂಕಕ್ಕೆ ಅರ್ಧ ಪಾಲು, ಸಿಇಟಿಯ 180 ಅಂಕಕ್ಕೆ ಇನ್ನರ್ಧ. ಭಾಗಿಸಿ ನೋಡಿದರೆ ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಮನೆಗಳಲ್ಲಿ ಬೋರ್ಡ್ ಪರೀಕ್ಷೆಯ ಒಂದೊಂದು ಅಂಕಕ್ಕೂ ಜೀವ ಬಿಡುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಸಿಇಟಿ ಶುರುವಾದದ್ದು 1994ರಲ್ಲಿ. ಅದರ ಹಳೇ ಲೆಕ್ಕದ ಪತ್ರಿಕೆಗಳನ್ನು ಕೂಡಿಟ್ಟು ಬಿಡುವಿದ್ದಾಗ ಬಿಡಿಸುವುದು ನನಗೆ ಬಹುಕಾಲದ ಪ್ರೀತಿ. ಹಾಗಾಗಿ ಮಕ್ಕಳು ಬಂದು ಮಾತಾಡುತ್ತಾರೆ. ಹೇಳುವುದು ಒಂದೇ: ‘ಲೆಕ್ಕ ಬತ್ತ್, ಟೈಮ್ ಸಾಕಾತಿಲ್ಲೆ.’

ನಿಜವೇ. 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ಅಷ್ಟರಲ್ಲೇ ಓದಬೇಕು, ಬಿಡಿಸಬೇಕು, ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಬೇಕು. ಬೋರ್ಡ್ ಪರೀಕ್ಷೆಯಲ್ಲಿ ಐದಂಕದ ಲೆಕ್ಕಕ್ಕೆ ಹೆಜ್ಜೆ ಹೆಜ್ಜೆಗೂ ಅಂಕವಿದೆ. ಎರಡು ವರ್ಷ ಆ ಹೆಜ್ಜೆಗಳನ್ನು ಬರೆದು ಪಳಗಿದ ಕೈ ಸಿಇಟಿಯಲ್ಲೂ ಪ್ರಶ್ನೆ ಕಂಡ ಕೂಡಲೇ ಬರೆಯಲು ಹೊರಡುತ್ತದೆ. ಅಂಕ ಸೋರುವುದು ಅಲ್ಲೇ. ಪೆನ್ನು ಇಳಿಸುವ ಮೊದಲು ಹತ್ತು ಸೆಕೆಂಡು ಲೆಕ್ಕವನ್ನು ನೋಡಲು ಕಲಿತವರಿಗೆ ಅಂಕ ಏರುತ್ತದೆಂಬುದು ನನ್ನ ಗಟ್ಟಿ ನಂಬಿಕೆ.

ನೋಡುವುದೆಂದರೆ ಏನು? ಸೊನ್ನೆಯಿಂದ ಪೈ ಬೈ ಟೂ ತನಕದ ಒಂದು ಇಂಟಿಗ್ರೇಷನ್ ಇದೆಯೆನ್ನಿ. ಮೇಲೆ ವರ್ಗಮೂಲ ಸೈನ್ ಎಕ್ಸ್, ಕೆಳಗೆ ವರ್ಗಮೂಲ ಸೈನ್ ಎಕ್ಸ್ ಮತ್ತು ವರ್ಗಮೂಲ ಕಾಸ್ ಎಕ್ಸ್‌ಗಳ ಮೊತ್ತ. ನೇರವಾಗಿ ಬಿಡಿಸಲು ಹೊರಟರೆ ಪುಟ ತುಂಬಿದರೂ ಮುಗಿಯದು. ಎಕ್ಸ್ ಇದ್ದಲ್ಲಿ ಪೈ ಬೈ ಟೂ ಮೈನಸ್ ಎಕ್ಸ್ ಹಾಕಿ: ಸೈನು ಕಾಸಾಗುತ್ತದೆ, ಕಾಸು ಸೈನಾಗುತ್ತದೆ, ಬೆಲೆ ಮಾತ್ರ ಬದಲಾಗುವುದಿಲ್ಲ. ಎರಡನ್ನೂ ಕೂಡಿಸಿದರೆ ಮೇಲೂ ಕೆಳಗೂ ಒಂದೇ ಆಗಿ ಉಳಿಯುವುದು ಬರೀ ಒಂದು. ಎರಡರ ಮೊತ್ತ ಪೈ ಬೈ ಟೂ, ಆದ್ದರಿಂದ ಉತ್ತರ ಪೈ ಬೈ ಫೋರ್. ವರ್ಗಮೂಲದ ಬದಲು ಏಳನೇ ಘಾತವಿದ್ದರೂ ಉತ್ತರ ಅದೇ. ಎಷ್ಟು ಸಲ ಕಂಡರೂ ಈ ಲೆಕ್ಕ ನನಗೆ ಹಳತಾಗಿಲ್ಲ. ಇದನ್ನು ಬರೀ ‘ಶಾರ್ಟ್‌ಕಟ್’ ಎಂದು ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಯಾಕೆ ಹಾಗಾಯಿತೆಂದು ತಿಳಿದ ಹುಡುಗಿ ಪ್ರಶ್ನೆ ವೇಷ ಬದಲಿಸಿಕೊಂಡು ಬಂದರೂ ಗುರುತು ಹಿಡಿಯುತ್ತಾಳೆ.

ನಾಲ್ಕು ಆಯ್ಕೆಗಳನ್ನೂ ಪ್ರಶ್ನೆಯ ಭಾಗವೆಂದೇ ಓದಬೇಕು. ಇಂಟಿಗ್ರೇಷನ್ ಹೊಳೆಯದಿದ್ದರೆ ಆಯ್ಕೆಗಳನ್ನೇ ಡಿಫರೆನ್ಷಿಯೇಟ್ ಮಾಡಿ ನೋಡಬಹುದು. ತ್ರಿಕೋನಮಿತಿಯಲ್ಲಿ ಬೆಲೆ ಹಾಕಿ ಪರೀಕ್ಷಿಸುವಾಗ ಸೊನ್ನೆಯನ್ನು ಹಾಕಬೇಡಿ. ಕಾಸ್ ನಾಲ್ಕನೇ ಘಾತದಿಂದ ಸೈನ್ ನಾಲ್ಕನೇ ಘಾತ ಕಳೆದರೆ ಏನೆಂದು ಕೇಳಿದ್ದಾರೆ ಎಂದುಕೊಳ್ಳಿ. ಸೊನ್ನೆ ಹಾಕಿದರೆ ಬರುವುದು ಒಂದು. ಆಯ್ಕೆಗಳಲ್ಲಿರುವ ಕಾಸ್ ಎಕ್ಸ್, ಕಾಸ್ ಟೂ ಎಕ್ಸ್ ಎರಡೂ ಒಂದೇ ಆಗಿ ಗೊಂದಲ. 30 ಡಿಗ್ರಿ ಹಾಕಿದರೆ ಅರ್ಧ ಬರುತ್ತದೆ, ಕಾಸ್ ಟೂ ಎಕ್ಸ್ ಮಾತ್ರ ಉಳಿಯುತ್ತದೆ.

ಪ್ರಥಮ ಪಿಯುಸಿಯ ಪುಸ್ತಕವನ್ನು ರದ್ದಿಗೆ ಹಾಕಬೇಡಿ, ಅದರ ಪಾಠಗಳೂ ಸಿಇಟಿಗೆ ಇವೆ. ಅದರಲ್ಲಿರುವ ವಿಕಲ್ಪಗಳ ಸೂತ್ರವನ್ನು, ಮಕ್ಕಳ ಬಾಯಲ್ಲಿ ಎನ್‌ಸಿಆರ್ ಆಗಿರುವುದನ್ನು, ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರ ಸಂಗ್ರಹ’ದಲ್ಲಿ ಹೇಳಿದವನು ನೃಪತುಂಗನ ಕಾಲದ ಮಹಾವೀರಾಚಾರ್ಯ. ನಮ್ಮ ನೆಲದ ಲೆಕ್ಕವದು. ಒಂದೂವರೆ ವರ್ಷ ಮೂಲೆಯಲ್ಲಿ ಬಿದ್ದಿರುವುದು ನೋಡಿದರೆ ಸಂಕಟವಾಗುತ್ತದೆ.

ಬೋರ್ಡ್ ಪರೀಕ್ಷೆ ಮುಗಿದ ಮೇಲಿನ ವಾರಗಳಲ್ಲಿ ಕ್ರ್ಯಾಶ್ ಕೋರ್ಸಿಗೆ ಮಂಗಳೂರಿಗೆ ಕಳಿಸಬೇಕೇ ಎಂದು ಅಪ್ಪ ಅಮ್ಮಂದಿರು ಕೇಳುತ್ತಾರೆ. ಪಾಠವೇ ಆಗಿಲ್ಲದಿದ್ದರೆ ಕಳಿಸಿ. ಪಾಠ ಗೊತ್ತಿದ್ದ ಮಗುವಿಗೆ ಬಸ್ಸಿನಲ್ಲಿ ಹೋಗುವ ಹೊತ್ತಿನಲ್ಲಿ ಮನೆಯ ಚಾವಡಿಯಲ್ಲೇ ಒಂದು ಹಳೇ ಪತ್ರಿಕೆ ಮುಗಿಯುತ್ತದೆ. ಗಡಿಯಾರ ಇಟ್ಟುಕೊಂಡು, ಫೋನ್ ಬೇರೆ ಕೋಣೆಯಲ್ಲಿಟ್ಟು, 80 ನಿಮಿಷಕ್ಕೆ ಪೆನ್ನು ಕೆಳಗಿಡಬೇಕು. ಆಮೇಲೆ ತಪ್ಪಾದದ್ದರ ಜೊತೆ, ಸರಿಯಾದರೂ ಮೂರು ನಿಮಿಷ ನುಂಗಿದ ಲೆಕ್ಕಗಳಿಗೂ ಗುರುತು ಹಾಕಬೇಕು. ಈ ಎರಡನೆಯದನ್ನು ಹೆಚ್ಚಿನವರು ಮಾಡುವುದಿಲ್ಲ. 2024ರ ಪತ್ರಿಕೆ ಹಿಡಿದವರು ಮಾತ್ರ ಎಚ್ಚರವಾಗಿರಬೇಕು: ಆ ವರ್ಷ ಎಲ್ಲ ವಿಷಯ ಸೇರಿ ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಿದ್ದರು.

ಪರೀಕ್ಷೆಯಲ್ಲಿ ಮೊದಲ ಸುತ್ತಿಗೆ ಕಂಡ ಕೂಡಲೇ ದಾರಿ ಹೊಳೆದವು, ಎರಡನೇ ಸುತ್ತಿಗೆ ಉದ್ದದವು. ಕೊನೆಯ ಐದು ನಿಮಿಷದಲ್ಲಿ ಉಳಿದ ವೃತ್ತಗಳನ್ನೆಲ್ಲ ತುಂಬಿ, ಒಂದನ್ನೂ ಖಾಲಿ ಬಿಡಬೇಡಿ; ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಕಾಮೆಡ್‌ಕೆಯಲ್ಲೂ ಇಲ್ಲ. ಜೆಇಇ ಮೇನ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಎರಡನ್ನೂ ಬರೆಯುವ ಮಕ್ಕಳು ಈ ಅಭ್ಯಾಸವನ್ನು ಅಲ್ಲಿಗೆ ಕೊಂಡೊಯ್ಯಬಾರದು.