ನಾಡಿನ ಡೊಮೇನೋ, ನುಡಿಯ ಡೊಮೇನೋ?

ಕೊಚ್ಚಿಯ ವೈಟ್ಟಿಲದ ಹೆಸರನ್ನು ಕನ್ನಡದಲ್ಲಿ ಬರೆಯಹೊರಟವರು ಒಂದು ಕ್ಷಣ ತಡೆಯಬೇಕಾಗುತ್ತದೆ. ಮಲಯಾಳದ ಬರಹದಲ್ಲಿ ಅಲ್ಲಿರುವುದು ಇಮ್ಮಡಿಸಿದ ಶಕಟರೇಫ. ಆ ಅಕ್ಷರವು ಕನ್ನಡದ ಬಳಕೆಯಿಂದ ಎಂದೋ ಜಾರಿಹೋಗಿದೆ. ಆದುದರಿಂದ ‘ವೈಟ್ಟಿಲ’ ಎಂದೂ ‘ವೈಟಿಲ’ ಎಂದೂ ಬರೆಯಬಹುದು. ಓದುವವನು ಎರಡನ್ನೂ ಒಂದೆಂದೇ ಗ್ರಹಿಸುತ್ತಾನೆ, ಅಂತರ್ಜಾಲವು ಗ್ರಹಿಸದು. ಅದರ ಪಾಲಿಗೆ ಅವು ಎರಡು ವಿಳಾಸಗಳು, ಇಬ್ಬರು ಒಡೆಯರಿಗೆ ಸಲ್ಲಬಹುದಾದವು.

ಇಂತಹ ವಿಳಾಸದ ಕೊನೆಯ ಚುಕ್ಕೆಯ ಬಳಿಕ ಬರುವುದೇ ಮೇಲ್ಮಟ್ಟದ ಡೊಮೇನ್. ಕನ್ನಡ ಲಿಪಿಯ ‘.ಭಾರತ’ ಈಗಾಗಲೇ ಇದೆ, ‘.ಇನ್’ ಅನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಅದನ್ನೂ ನಿರ್ವಹಿಸುತ್ತದೆ. ಆದರೆ ಅದು ದೇಶದ ಹೆಸರು. ಪ್ರಾದೇಶಿಕ ಡೊಮೇನ್ ಎಂದೊಡನೆ ‘.ಕರ್ನಾಟಕ’ ನೆನಪಾಗುವುದು ಸಹಜ. ಆ ಸಹಜತೆಯೇ ವಿಮರ್ಶೆಗೆ ತಕ್ಕುದು. 1956ರ ನವೆಂಬರ್ 1ರಿಂದ ಕೇರಳಕ್ಕೆ ಸೇರಿದ ಕಾಸರಗೋಡು, ಗೋವಿಂದ ಪೈಗಳ ಮಂಜೇಶ್ವರ, ಕಯ್ಯಾರ ಕಿಞ್ಞಣ್ಣ ರೈಗಳ ಪೆರಡಾಲ, ವೈಟ್ಟಿಲದಲ್ಲಿ ಬಾಡಿಗೆಗಿರುವ ಕನ್ನಡ ಕುಟುಂಬ ಇವೆಲ್ಲವೂ ಆ ಹೆಸರಿನ ಹೊರಗೇ ಉಳಿಯುತ್ತವೆ. ಗಡಿ ಎಳೆದವರು ನೆಲದ ಮೇಲೆ ಮಾಡಿದ್ದನ್ನು ಅಂತರ್ಜಾಲದಲ್ಲಿಯೂ ಮತ್ತೊಮ್ಮೆ ಮಾಡಬೇಕೇ?

ಕ್ಯಾಟಲನ್ ಭಾಷಿಕರು ಬೇರೆ ದಾರಿ ಹಿಡಿದರು. 2005ರಲ್ಲಿ ಒಪ್ಪಿಗೆ ಪಡೆದು 2006ರಲ್ಲಿ ಬಳಕೆಗೆ ತೆರೆದ ‘.ಕ್ಯಾಟ್’ ಕ್ಯಾಟಲೋನಿಯಾ ಪ್ರಾಂತಕ್ಕಲ್ಲ, ಕ್ಯಾಟಲನ್ ಭಾಷೆಗೂ ಸಂಸ್ಕೃತಿಗೂ ಮೀಸಲಾದುದು. ವೆಲೆನ್ಸಿಯಾ, ಅಂಡೋರಾ, ಫ್ರಾನ್ಸಿನ ರೂಸಿಯೋನ್, ಸಾರ್ಡಿನಿಯಾ ದ್ವೀಪದ ಅಲ್ಗೇರೊ ಎಲ್ಲೆಡೆಯ ಭಾಷಿಕರಿಗೂ ಅದರಲ್ಲಿ ಎಡೆಯುಂಟು. ಆಡಳಿತವು ಒಂದು ಪ್ರತಿಷ್ಠಾನದ ಕೈಯಲ್ಲಿದೆ. ಅದು ನಿರುಪದ್ರವದ ಹೊಣೆಯೇನಲ್ಲ: 2017ರ ಸೆಪ್ಟೆಂಬರ್ 20ರಂದು, ಜನಮತಗಣನೆಗೆ ಕೆಲವೇ ದಿನಗಳಿರುವಾಗ, ಸ್ಪೇನಿನ ಪೊಲೀಸರು ಅದರ ಬಾರ್ಸಿಲೋನಾ ಕಚೇರಿಯನ್ನು ಶೋಧಿಸಿದರು. ಹೆಸರುಗಳ ಪಟ್ಟಿಯನ್ನು ಹಿಡಿದವನ ಬಾಗಿಲನ್ನೇ ಅಧಿಕಾರವು ಮೊದಲು ತಟ್ಟುತ್ತದೆ.

ಕಾನೂನಿನ ದೃಷ್ಟಿಯಿಂದಲೂ ‘.ಕನ್ನಡ’ವೇ ಮೇಲು. 2012ರ ಸುತ್ತಿನ ಐಕ್ಯಾನ್ ನಿಯಮಗಳಂತೆ ರಾಜ್ಯ, ಪ್ರಾಂತಗಳ ಹೆಸರಿಗೆ ಸಂಬಂಧಪಟ್ಟ ಸರ್ಕಾರದ ಸಮ್ಮತಿಪತ್ರ ಬೇಕಿತ್ತು. ಭಾಷೆಯ ಹೆಸರು ಆ ಪಟ್ಟಿಯದಲ್ಲ.

ಆದರೆ ಅಭಿಮಾನವು ಲೆಕ್ಕಪುಸ್ತಕದ ಮುಂದೆ ನಿಲ್ಲಲೇಬೇಕು. 2012ರಲ್ಲಿ ಅರ್ಜಿಯ ಶುಲ್ಕವೇ 1,85,000 ಡಾಲರು. 2026ರ ಸುತ್ತಿಗೆ ಅದು 2,27,000. ಅರ್ಜಿ ಒಪ್ಪಿತವಾದ ಮೇಲೆ ಐಕ್ಯಾನಿಗೆ ಸಲ್ಲಬೇಕಾದ ವಾರ್ಷಿಕ ಶುಲ್ಕ 2012ರ ಒಪ್ಪಂದದಲ್ಲಿ 25,000 ಡಾಲರು. ಒಂದೊಂದು ಹೆಸರಿನಿಂದ ಐದು ಡಾಲರು ಉಳಿಯುವುದೆಂದು ಎಣಿಸಿದರೂ, ಆ ಶುಲ್ಕವೊಂದಕ್ಕೇ 5,000 ಹೆಸರುಗಳು ವರ್ಷವರ್ಷವೂ ನವೀಕರಣಗೊಳ್ಳಬೇಕು. ಇದಲ್ಲದೆ ಸಂಸ್ಥೆ ಮುಚ್ಚಿದರೂ ಮೂರು ವರ್ಷ ವಿಳಾಸಗಳು ನಡೆಯುವಂತೆ ಲೆಟರ್ ಆಫ್ ಕ್ರೆಡಿಟ್ಟನ್ನೋ ಠೇವಣಿಯನ್ನೋ ಮುಂದಾಗಿ ಇಡಬೇಕಿತ್ತು. ವಾರ್ಷಿಕೋತ್ಸವದ ಚಂದಾ ಎತ್ತಿದಂತೆ ಎತ್ತಲಾಗುವ ಮೊತ್ತವಿದಲ್ಲ. ಸರ್ಕಾರದ ನೆರವು ಬೇಕಾದೀತು. ಆದರೆ ನೆರವು ಕೊಟ್ಟವರು ಪಟ್ಟಿಗೆ ಕೈಹಾಕದಂತೆ ಪ್ರತಿಷ್ಠಾನದ ನಿಬಂಧನೆಯನ್ನು ಮೊದಲೇ ಬರೆದಿರಬೇಕು. ಅದರ ಮಂಡಲಿಯಲ್ಲಿ ಕಾಸರಗೋಡಿಗೂ ಹೊರನಾಡಿನ ಸಂಘಗಳಿಗೂ ಸ್ಥಾನವಿರತಕ್ಕದ್ದು.

ಇನ್ನುಳಿದುದು ಅಕ್ಷರದ ಕೆಲಸ. ಕನ್ನಡದ ‘ಜಲ’ಕ್ಕೂ ತೆಲುಗಿನ ಜಲಕ್ಕೂ ಕಣ್ಣಿಗೆ ಭೇದ ತೋರದು, ಯಂತ್ರಕ್ಕೆ ಅವು ಬೇರೆ ಬೇರೆ, ವಂಚಕನಿಗೆ ಅನುಕೂಲ. ಮೇಲ್ಮಟ್ಟದ ಹೆಸರುಗಳಿಗಾಗಿ ಕನ್ನಡ ಲಿಪಿಯ ನಿಯಮಗಳು 2019ರಲ್ಲಿ ಸಿದ್ಧವಾಗಿವೆ. ಅದರ ಕೆಳಗಿನ ಹೆಸರುಗಳ ಹೊಣೆ ನೋಂದಣಿ ಸಂಸ್ಥೆಯದು. ‘ವೈಟ್ಟಿಲ’ವನ್ನು ಪಡೆದವನಿಗೇ ‘ವೈಟಿಲ’ವನ್ನೂ ಕಾದಿರಿಸಬೇಕೋ, ಮೊದಲು ಬಂದ ಮತ್ತೊಬ್ಬನಿಗೆ ಕೊಡಬಹುದೋ ಎಂಬುದನ್ನು ಮೊದಲ ಹೆಸರು ಮಾರಾಟವಾಗುವ ಮುನ್ನವೇ ಭಾಷಾಜ್ಞರು ಕುಳಿತು ನಿರ್ಣಯಿಸಬೇಕಾಗುತ್ತದೆ.