ಹಿಂದಕ್ಕೆ ಸಾಗುವ ಕಥೆ: ‘ಮೆಮೆಂಟೊ’ ನೋಡುವ ಬಗೆ

ಕ್ರಿಸ್ಟೋಫರ್ ನೋಲನ್ ಅವರ ‘ಮೆಮೆಂಟೊ’ (2000) ಚಿತ್ರವನ್ನು ಮೊದಲ ಸಲ ನೋಡುವವರು ಒಂದು ಲೆಕ್ಕ ಹಾಕುತ್ತಾ ಕೂರುತ್ತಾರೆ: ಯಾವ ದೃಶ್ಯ ಮೊದಲು, ಯಾವುದು ಆಮೇಲೆ? ದಯವಿಟ್ಟು ಅದನ್ನು ಬಿಟ್ಟುಬಿಡಿ. ಜೋಡಿಸುವ ಗಡಿಬಿಡಿಯಲ್ಲಿ ಚಿತ್ರದ ರುಚಿಯೇ ಕೈತಪ್ಪಿಹೋಗುತ್ತದೆ.

ಮೊದಲೇ ತಿಳಿದಿರಬೇಕಾದ್ದು ಸ್ವಲ್ಪ. ಮನೆಗೆ ನುಗ್ಗಿದವರು ಹೆಂಡತಿಯ ಮೇಲೆರಗಿದ ರಾತ್ರಿ ಲೆನರ್ಡ್ ಶೆಲ್ಬಿಯ (ಗೈ ಪಿಯರ್ಸ್) ತಲೆಗೂ ಪೆಟ್ಟು ಬಿದ್ದಿದೆ. ಅಲ್ಲಿಯವರೆಗಿನದೆಲ್ಲ ನೆನಪಿದೆ, ಆಮೇಲಿನದು ಕೆಲವೇ ನಿಮಿಷ ನಿಲ್ಲುತ್ತದೆ. ಪೋಲರಾಯ್ಡ್ ಫೋಟೊ, ಚೀಟಿ, ಮೈಮೇಲಿನ ಹಚ್ಚೆ ಇವನ್ನೇ ನಂಬಿ ಅವನು ಹೆಂಡತಿಯ ಕೊಲೆಗಾರನನ್ನು ಹುಡುಕುತ್ತಾನೆ. ಬಣ್ಣದ ದೃಶ್ಯಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತವೆ, ನಡುನಡುವಿನ ಕಪ್ಪು-ಬಿಳುಪು ದೃಶ್ಯಗಳು ಮುಂದಕ್ಕೆ. ಪ್ರತಿ ಬಣ್ಣದ ದೃಶ್ಯವೂ ನಾವು ಆಗಲೇ ನೋಡಿದ ಬಣ್ಣದ ದೃಶ್ಯದ ಆರಂಭಕ್ಕೆ ಬಂದು ನಿಲ್ಲುತ್ತದೆ. ಮರಳಿ ಕಾಣುವ ಆ ತುಣುಕನ್ನು ಗುರುತಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ.

ಈ ಹುಡುಕಾಟದಲ್ಲಿ ಲೆನರ್ಡ್ ಭೇಟಿಯಾಗುವ ನಟಾಲಿಯ (ಕ್ಯಾರಿ-ಆನ್ ಮಾಸ್) ಪ್ರಸಂಗವೊಂದನ್ನು ಹೇಳುತ್ತೇನೆ. ಅಂತ್ಯದ ಗುಟ್ಟು ಇದರಲ್ಲಿಲ್ಲ. ಮುಖಕ್ಕೆ ಪೆಟ್ಟು ತಿಂದು ಅವಳು ಮನೆಯೊಳಗೆ ಬರುತ್ತಾಳೆ, ಡಾಡ್ ಎಂಬವನು ಹೊಡೆದನೆನ್ನುತ್ತಾಳೆ. ಲೆನರ್ಡ್ ಅವನನ್ನು ಹುಡುಕಿ ಹೊರಡುತ್ತಾನೆ. ನಮಗೂ ಅವಳ ಮೇಲೆ ಮರುಕ. ಮುಂದಿನ ಬಣ್ಣದ ದೃಶ್ಯ ಅದಕ್ಕೂ ಹಿಂದಿನದು. ನಟಾಲಿ ಮನೆಯಲ್ಲಿದ್ದ ಪೆನ್ನುಗಳನ್ನೆಲ್ಲ ಬಾಚಿಕೊಳ್ಳುತ್ತಾಳೆ, ಅವನ ಹೆಂಡತಿಯ ಬಗ್ಗೆ ಹೊಲಸು ಮಾತಾಡಿ ಕೆಣಕುತ್ತಾಳೆ. ಹೊಡೆದವನು ಲೆನರ್ಡ್! ಅವಳು ಹೊರಗೆ ಹೋಗಿ ಕಾರಿನಲ್ಲಿ ಕೂತು ಕಾಯುತ್ತಾಳೆ. ಮರೆಯುವ ಮೊದಲು ಬರೆದಿಡಬೇಕೆಂದು ಅವನು ಪೆನ್ನಿಗಾಗಿ ಮನೆಯೆಲ್ಲ ತಡಕಾಡುತ್ತಾನೆ. ಅಷ್ಟರಲ್ಲಿ ಕಾರಿನ ಬಾಗಿಲ ಸದ್ದು. ನೆನಪು ಹೋಯಿತು. ಅವಳು ಒಳಗೆ ಬರುತ್ತಾಳೆ.

ನೇರವಾಗಿ ಹೇಳಿದ್ದರೆ ಅವನಿಗಿಂತ ಹೆಚ್ಚು ಬಲ್ಲ ನಾವು ಅಯ್ಯೋ ಪಾಪ ಎಂದುಕೊಂಡು ಸುಮ್ಮನಾಗುತ್ತಿದ್ದೆವು. ಹೀಗೆ ತಿರುವಿ ಹೇಳಿದಾಗ ಅವನ ಜೊತೆ ನಾವೂ ಮೋಸಹೋಗುತ್ತೇವೆ. ನಡೆದದ್ದು ಗೊತ್ತು, ಯಾಕೆಂದು ಗೊತ್ತಿಲ್ಲ; ಅವನ ಆ ಸ್ಥಿತಿಯೇ ನಮ್ಮದೂ ಆಗುತ್ತದೆ. ಎ.ಆರ್. ಮುರುಗದಾಸ್ ಅವರ ‘ಗಜಿನಿ’ಯಲ್ಲೂ (2005) ಇದೇ ಮರೆವು, ಇವೇ ಹಚ್ಚೆಗಳಿವೆ. ಆದರೆ ಅಲ್ಲಿ ಕಾಯಿಲೆ ನಾಯಕನದು ಮಾತ್ರ, ಫ್ಲ್ಯಾಷ್‌ಬ್ಯಾಕ್ ನಮಗೆ ಎಲ್ಲವನ್ನೂ ತಿಳಿಸಿಬಿಡುತ್ತದೆ. ಕಥೆ ‘ಗಜಿನಿ’ಗೆ ಸಾಗಿ ಬಂತು, ಅದನ್ನು ಹೇಳುವ ಕಟ್ಟು ಮಾತ್ರ ‘ಮೆಮೆಂಟೊ’ದಲ್ಲೇ ಉಳಿಯಿತು.

‘ಮೆಮೆಂಟೊ’ದ ಕೊನೆಯ ಹೊತ್ತಿಗೆ ಒಂದು ಪೋಲರಾಯ್ಡ್ ಚಿತ್ರ ಮೂಡುತ್ತಿದ್ದಂತೆ ಕಪ್ಪು-ಬಿಳುಪು ನಿಧಾನವಾಗಿ ಬಣ್ಣಕ್ಕೆ ತಿರುಗುತ್ತದೆ. ಎರಡು ಎಳೆಗಳು ಕೂಡುವುದು ಅಲ್ಲೇ. ಆಗ ಫೋನು ಮುಟ್ಟಬೇಡಿ. ಎರಡನೇ ಸಲವೂ ಖಂಡಿತ ನೋಡಿ. ಲೆನರ್ಡ್ ಹೇಳುವ ಕಥೆಯಲ್ಲಿ ಬರುವ, ಅವನಂತೆಯೇ ಮರೆವಿರುವ ಸ್ಯಾಮಿ ಜಾಂಕಿಸ್ ಆಸ್ಪತ್ರೆಯ ಕುರ್ಚಿಯಲ್ಲಿ ಕೂತ ಶಾಟ್‌ನಲ್ಲಿ ಅವನೆದುರು ಒಬ್ಬರು ಹಾದುಹೋಗುತ್ತಾರೆ. ಆ ಕ್ಷಣ ಎವೆಯಿಕ್ಕದೆ ಕುರ್ಚಿಯನ್ನೇ ಗಮನಿಸಿ.