ಜೋರ್ಡನ್ ಮೆಕ್ನರ್ ದಿನಚರಿ: ಒಂದು ಗೇಮ್ ರೂಪುಗೊಂಡ ಬಗೆ

‘ಪ್ರಿನ್ಸ್ ಆಫ್ ಪರ್ಷಿಯಾ’ ಗೇಮಿನ ಕರ್ತೃ ಜೋರ್ಡನ್ ಮೆಕ್ನರ್ ತಾರುಣ್ಯದಲ್ಲಿ ಬರೆದಿಟ್ಟ ದಿನಚರಿ ಇಂದು ಎರಡು ಪುಸ್ತಕಗಳಾಗಿ ಓದಲು ಸಿಗುತ್ತದೆ. ‘ದಿ ಮೇಕಿಂಗ್ ಆಫ್ ಕರಾಟೆಕಾ’ 1982ರಿಂದ 1985ರವರೆಗಿನದು. ‘ದಿ ಮೇಕಿಂಗ್ ಆಫ್ ಪ್ರಿನ್ಸ್ ಆಫ್ ಪರ್ಷಿಯಾ’ 1985ರಿಂದ 1993ರವರೆಗಿನದು. 2011ರಲ್ಲಿ ಇ-ಪುಸ್ತಕವಾಗಿ ಬಂದ ಇದನ್ನು 2020ರಲ್ಲಿ ಸ್ಟ್ರೈಪ್ ಪ್ರೆಸ್ ಚಿತ್ರಗಳು ಮತ್ತು ಅಂಚಿನ ಟಿಪ್ಪಣಿಗಳೊಂದಿಗೆ ಮುದ್ರಿಸಿತು. ಗೇಮ್ ತಯಾರಕರ ಬಗ್ಗೆ ಸಂದರ್ಶನ, ಸಾಕ್ಷ್ಯಚಿತ್ರ, ನೆನಪಿನ ಬರಹಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹೆಚ್ಚಿನವು ಗೆಲುವು ಕೈಸೇರಿದ ಮೇಲೆ ಹೇಳಿದವು. ಆಗ ಎಡವಿದ್ದೆಲ್ಲ ಗೆಲುವಿನ ಮೆಟ್ಟಿಲಾಗಿ ಕಾಣುತ್ತದೆ. ಮೆಕ್ನರ್ ದಿನಚರಿಯನ್ನು ಬರೆದ ಯುವಕನಿಗೆ ಗೇಮ್ ಮುಗಿಯುತ್ತದೋ ಇಲ್ಲವೋ, ಮುಗಿದರೂ ಕೊಳ್ಳುವವರಿರುತ್ತಾರೋ ಇಲ್ಲವೋ ಗೊತ್ತಿಲ್ಲ. ಈ ಪುಸ್ತಕಗಳ ಬೆಲೆ ಇರುವುದು ಈ ಗೊತ್ತಿಲ್ಲದಿರುವಿಕೆಯಲ್ಲೇ.

ಮೆಕ್ನರ್ 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಆ್ಯಪಲ್ II ಕಂಪ್ಯೂಟರಿಗೆ ಗೇಮ್ ಬರೆಯತೊಡಗಿದರು. ಅವರು ಕಳಿಸಿದ ‘ಡೆತ್‌ಬೌನ್ಸ್’ ಎಂಬ ಗೇಮನ್ನು ಬ್ರೋಡರ್‌ಬಂಡ್ ಪ್ರಕಾಶನ ಸಂಸ್ಥೆ ಒಪ್ಪಲಿಲ್ಲ. ಆದರೆ ಸಂಸ್ಥೆಯ ಡಗ್ ಕಾರ್ಲ್‌ಸ್ಟನ್ ಹುಡುಗನನ್ನು ಕೈಬಿಡದೆ, ತಮ್ಮಲ್ಲಿ ಆಗಷ್ಟೇ ಬಂದಿದ್ದ ‘ಚಾಪ್‌ಲಿಫ್ಟರ್’ ಗೇಮಿನ ಪ್ರತಿಯನ್ನು ಕಳಿಸಿಕೊಟ್ಟರು. ಅಂಕ ಕೂಡಿಸುವುದನ್ನು ಬಿಟ್ಟು ಒತ್ತೆಯಾಳುಗಳನ್ನು ಬಿಡಿಸಿ ತರುವ ಆ ಆಟ, ಗೇಮ್ ಕೂಡ ಸಿನಿಮಾದಂತೆ ಕಥೆ ಹೇಳಬಲ್ಲದೆಂಬುದನ್ನು ಮೆಕ್ನರ್‌ಗೆ ಮನಗಾಣಿಸಿತು. ಅದರ ಫಲವೇ 1984ರ ‘ಕರಾಟೆಕಾ’. ಕರಾಟೆ ಗುರುವಿನ ಚಲನೆಯನ್ನು ಸೂಪರ್ 8 ಕ್ಯಾಮೆರಾದಲ್ಲಿ ಹಿಡಿದು, ಒಂದೊಂದು ಚೌಕಟ್ಟನ್ನೂ ತಿದ್ದಿ ಬರೆದು ಕಂಪ್ಯೂಟರಿಗೆ ಇಳಿಸಿದ ಆ ಗೇಮಿಗೆ ಸಂಗೀತ ಕೊಟ್ಟವರು ಅವರ ತಂದೆ, ಮನೋವಿಜ್ಞಾನಿ ಫ್ರಾನ್ಸಿಸ್ ಮೆಕ್ನರ್. ಫ್ಲಾಪಿಯನ್ನು ತಿರುವಿ ಹಾಕಿದರೆ ಇಡೀ ಆಟ ತಲೆಕೆಳಗಾಗಿ ಮೂಡುವಂಥ ಒಂದು ತುಂಟತನವೂ ಅದರಲ್ಲಿತ್ತು. ಇಪ್ಪತ್ತರ ಹರೆಯದವನ ಖುಷಿ ಈ ಮೊದಲ ಪುಸ್ತಕದುದ್ದಕ್ಕೂ ಇದೆ. ಓದಲು ಹಿತವಾದರೂ ಇದು ತೂಕದಲ್ಲಿ ಎರಡನೆಯದಕ್ಕೆ ಸಮನಲ್ಲ.

ಎರಡನೆಯ ಪುಸ್ತಕ ಆರಂಭವಾಗುವುದು ಕಾಲೇಜು ಮುಗಿದ 1985ರಲ್ಲಿ. ಮೆಕ್ನರ್ ಅವರ ಸ್ಥಾನ ಇಲ್ಲಿ ಇಂದಿನ ಸ್ವತಂತ್ರ ಗೇಮ್ ತಯಾರಕರ ಸ್ಥಾನವನ್ನೇ ಹೋಲುತ್ತದೆ. ಅವರು ಬ್ರೋಡರ್‌ಬಂಡ್‌ನ ನೌಕರರಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ರಫೆಲ್‌ನಲ್ಲಿದ್ದ ಅದರ ಕಚೇರಿಯಲ್ಲಿ ಕೂರಲು ಒಂದು ಜಾಗ ಸಿಕ್ಕಿತ್ತು, ಸಂಬಳವಿರಲಿಲ್ಲ. ಕೈಗೆ ಬರುತ್ತಿದ್ದುದು ‘ಕರಾಟೆಕಾ’ದ ರಾಯಲ್ಟಿ. ಬರಬೇಕಾದದ್ದು ಇನ್ನೂ ಹುಟ್ಟದ ಗೇಮಿನ ರಾಯಲ್ಟಿ. ಹೀಗಾಗಿ ಕೆಲಸಕ್ಕೆ ಬಾ ಎನ್ನುವವರೂ ಇಲ್ಲ, ಬರದಿದ್ದರೆ ಕೇಳುವವರೂ ಇಲ್ಲ. ಈ ಸ್ವಾತಂತ್ರ್ಯ ಎಷ್ಟು ಸುಖವೋ ಅಷ್ಟೇ ಕಷ್ಟವೆಂಬುದು ಪುಟಪುಟದಲ್ಲೂ ಕಾಣುತ್ತದೆ. ಒಂದು ದಿನ ಹುರುಪಿನ ಬರಹ. ಮುಂದೆ ವಾರಗಟ್ಟಲೆ ಗೇಮಿನ ಸುದ್ದಿಯೇ ಇಲ್ಲ.

ಹೊಸ ಗೇಮಿನ ಮೂಲ ಕಲ್ಪನೆ ಬಹಳ ಸರಳ: ಅರೇಬಿಯನ್ ನೈಟ್ಸ್ ಕಥೆಗಳ ಲೋಕ, ಸೆರೆಯಾದ ರಾಜಕುಮಾರಿ, ದುಷ್ಟ ವಜೀರ, ಅರವತ್ತು ನಿಮಿಷದ ಗಡುವು. ಪ್ರಾಣಾಂತಿಕ ಬಲೆಗಳಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವ ರೋಮಾಂಚನಕ್ಕೆ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಚಿತ್ರದ ಮೊದಲ ಕೆಲವು ನಿಮಿಷಗಳು ಪ್ರೇರಣೆ. ಇದಿಷ್ಟನ್ನು ಯಾರಾದರೂ ಯೋಚಿಸಬಹುದಿತ್ತು. ಯಾರೂ ಯೋಚಿಸದಿದ್ದದ್ದು ರಾಜಕುಮಾರನ ಮೈಯ ಚಲನೆ. 1985ರ ಅಕ್ಟೋಬರಿನಲ್ಲಿ ಮೆಕ್ನರ್ ತಮ್ಮ ಊರಾದ ಚಾಪಕ್ವಾದಲ್ಲಿ, ರೀಡರ್ಸ್ ಡೈಜೆಸ್ಟ್ ಸಂಸ್ಥೆಯ ವಾಹನ ನಿಲುಗಡೆಯ ಬಯಲಿನಲ್ಲಿ, ಹದಿಹರೆಯದ ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ಗೋಡೆ ಹತ್ತಿಸಿ ವಿಡಿಯೊ ತೆಗೆದರು. ಆ ವಿಡಿಯೊವನ್ನು ಕಂಪ್ಯೂಟರಿಗೆ ನೇರವಾಗಿ ಇಳಿಸುವ ಸಾಧನವಿರಲಿಲ್ಲ. ಟಿವಿ ಪರದೆಯ ಮೇಲೆ ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ಸ್ಟಿಲ್ ಕ್ಯಾಮೆರಾದಲ್ಲಿ ಫೋಟೊ ತೆಗೆಯಬೇಕು, ಸ್ಟುಡಿಯೊಗೆ ಕೊಟ್ಟು ತೊಳೆಸಿ ಪ್ರಿಂಟ್ ಹಾಕಿಸಬೇಕು, ಮಾರ್ಕರ್ ಮತ್ತು ಬಿಳಿ ತಿದ್ದುಬಣ್ಣದಿಂದ ದೇಹದ ಹೊರಗೆರೆ ಉಳಿಸಿ ಉಳಿದದ್ದನ್ನು ಅಳಿಸಬೇಕು, ಜೆರಾಕ್ಸ್ ಮಾಡಿಸಿ, ಅದನ್ನು ಕ್ಯಾಮೆರಾದ ಮೂಲಕ ಆ್ಯಪಲ್‌ಗೆ ಹಿಡಿಸಬೇಕು. ಅದಾದ ಮೇಲೂ ಒಂದೊಂದು ಚುಕ್ಕಿಯನ್ನು ಕೈಯಿಂದಲೇ ಸರಿಪಡಿಸಬೇಕು. ಪರದೆಯ ಮೇಲೆ ಆ ಪುಟ್ಟ ಆಕೃತಿ ಮೊದಲ ಬಾರಿ ಓಡಿದಾಗ ಅದರಲ್ಲಿ ತಮ್ಮನ ಮೈಭಾರ, ತಡಬಡಿಸುವ ನಿಲುಗಡೆ, ಅಂಚಿನಲ್ಲಿ ಬೆರಳೂರಿ ತೂಗುವ ದಣಿವು ಎಲ್ಲವೂ ಬಂದುಬಿಟ್ಟಿದ್ದವು. ಸತ್ತರೆ ನೋವಾಗಬಲ್ಲ ಒಂದು ದೇಹವನ್ನು ಆಟಗಾರನ ಕೈಗೆ ಕೊಟ್ಟದ್ದು ಈ ಗೇಮಿನ ದೊಡ್ಡ ಸಾಧನೆ. ಅದರ ಹಿಂದಿನ ಬೇಸರದ, ಏಕತಾನದ ದುಡಿಮೆಯನ್ನು ಇಷ್ಟು ವಿವರವಾಗಿ ದಾಖಲಿಸಿದ್ದು ದಿನಚರಿಯ ದೊಡ್ಡ ಸಾಧನೆ.

ಪುಸ್ತಕದ ಅತ್ಯುತ್ತಮ ಭಾಗ ನೆರಳು ಮನುಷ್ಯನ ಹುಟ್ಟು. ಹೊಸ ಕಲ್ಪನೆಗಳು ಎಲ್ಲಿಂದ ಬರುತ್ತವೆ ಎಂದು ಕೇಳುವವರು ಓದಲೇಬೇಕಾದ ಪ್ರಕರಣವಿದು. ಗೇಮ್ ಅರ್ಧ ದಾರಿಗೆ ಬಂದಾಗ ಅದರಲ್ಲಿ ಹೋರಾಟವೇ ಇರಲಿಲ್ಲ. ರಾಜಕುಮಾರ ಅಹಿಂಸಕ, ಅವನ ಎದುರಾಳಿಗಳೆಂದರೆ ಮುಳ್ಳು, ಕುಸಿಯುವ ನೆಲ, ಕತ್ತರಿಸುವ ಕಬ್ಬಿಣದ ದವಡೆ ಮಾತ್ರ. ಮೆಕ್ನರ್ ಅದನ್ನು ತತ್ವವೆಂಬಂತೆ ಹಿಡಿದಿದ್ದರು. ಅವರ ಸಹೋದ್ಯೋಗಿ, ಗೆಳತಿ ಟೋಮಿ ಪಿಯರ್ಸ್ ಮಾತ್ರ ಬಿಡಲಿಲ್ಲ. ಆಟ ನೋಡಲು ಚೆನ್ನ, ಆಡಲು ಬೇಸರ ಎಂಬುದು ಅವರ ತಕರಾರು. ಸೆಣಸಾಟ ಬೇಕೇಬೇಕೆಂದು ಅವರು ಪಟ್ಟು ಹಿಡಿದರು. ಮೆಕ್ನರ್ ಉತ್ತರ ತಾಂತ್ರಿಕವಾಗಿತ್ತು: ಮೆಮೊರಿ ಖಾಲಿಯಾಗಿದೆ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊಗೂ ಸಾಲದಷ್ಟು ಜಾಗ ಆ್ಯಪಲ್ II ಯಂತ್ರದಲ್ಲಿದ್ದುದು. ರಾಜಕುಮಾರನ ನೂರಾರು ಭಂಗಿಗಳೇ ಅದನ್ನು ನುಂಗಿದ್ದವು. ಇನ್ನೊಬ್ಬ ಮನುಷ್ಯನ ಆಕೃತಿಯನ್ನು ಇಡಲು ಎಡೆಯಿರಲಿಲ್ಲ.

ಹಾಗಾದರೆ ರಾಜಕುಮಾರನ ಭಂಗಿಗಳನ್ನೇ ಇನ್ನೊಬ್ಬನಿಗೂ ಕೊಟ್ಟರೆ? ಒಂದೇ ಚಿತ್ರವನ್ನು ಒಂದು ಚುಕ್ಕಿಯಷ್ಟು ಪಕ್ಕಕ್ಕೆ ಸರಿಸಿ, ಅದರ ಮೇಲೆಯೇ ‘ಎಕ್ಸ್‌ಕ್ಲೂಸಿವ್ ಆರ್’ ಎಂಬ ತಾರ್ಕಿಕ ಕ್ರಿಯೆಯಿಂದ ಹೊದಿಸಿದರೆ ಎರಡರಲ್ಲೂ ಇರುವ ಚುಕ್ಕಿಗಳು ಅಳಿದು ಅಂಚುಗಳಷ್ಟೇ ಮಿನುಗುತ್ತವೆ. ಹೊಸ ಚಿತ್ರಕ್ಕೆಂದು ಹೆಚ್ಚಿನ ಜಾಗವೇ ಬೇಕಿಲ್ಲ. ಕಣ್ಣಿಗೆ ಮಾತ್ರ ಬೇರೊಂದು ಜೀವ, ದೆವ್ವದಂಥದ್ದು. ಹೀಗೆ ಬಂದ ನೆರಳಿಗೆ ಕಥೆಯಲ್ಲಿ ಜಾಗ ಹುಡುಕುವಾಗ ಉಳಿದದ್ದು ತಾನಾಗಿ ಕೂಡಿಕೊಂಡಿತು. ರಾಜಕುಮಾರ ಕನ್ನಡಿಯೊಂದನ್ನು ಹಾಯ್ದು ಜಿಗಿಯುತ್ತಾನೆ. ಆಚೆ ಬದಿಯಿಂದ ಅವನ ನೆರಳು ಹಾರಿ ಹೋಗುತ್ತದೆ, ಅವನ ಜೀವಶಕ್ತಿ ಕುಸಿಯುತ್ತದೆ. ಮುಂದೆ ಅವನಿಗೆಂದು ಇದ್ದ ಮದ್ದನ್ನು ನೆರಳು ಕುಡಿದುಬಿಡುತ್ತದೆ, ಮತ್ತೊಂದು ಹಂತದಲ್ಲಿ ಬಾಗಿಲು ಮುಚ್ಚಿ ಅವನನ್ನು ಬೀಳಿಸುತ್ತದೆ. ಕೊನೆಗೆ ಇಬ್ಬರೂ ಕತ್ತಿ ಹಿಡಿದು ಎದುರಾದಾಗ ನೆರಳಿಗೆ ಬಿದ್ದ ಏಟು ರಾಜಕುಮಾರನಿಗೇ ತಗಲುತ್ತದೆ. ಗೆಲ್ಲುವ ದಾರಿ ಒಂದೇ: ಕತ್ತಿಯನ್ನು ಒರೆಗೆ ಸೇರಿಸಿ ನೆರಳಿನೊಳಗೆ ನಡೆದುಹೋಗುವುದು.

ಈ ಗೇಮಿನಲ್ಲಿ ಅರ್ಥವಂತಿಕೆ ಎಂದು ಹೇಳಬಹುದಾದದ್ದೆಲ್ಲ ಈ ಒಂದು ಪಾತ್ರದಲ್ಲಿದೆ. ಅದನ್ನು ಯಾರೂ ಅರ್ಥಕ್ಕಾಗಿ ಯೋಜಿಸಿರಲಿಲ್ಲ. ಜಾಗದ ಅಭಾವ, ಗೆಳತಿಯ ಹಟ, ಯಂತ್ರದ ಒಂದು ಸಣ್ಣ ಚಾಲಾಕಿ ಸೇರಿದಾಗ ಹುಟ್ಟಿತು. ಸಿದ್ಧ ಕಲ್ಪನೆಯೊಂದು ತಲೆಯಲ್ಲಿ ಮೂಡಿ ಆಮೇಲೆ ಪರದೆಗೆ ಇಳಿಯುತ್ತದೆ ಎಂಬ ನಂಬಿಕೆಯನ್ನು ಅಲ್ಲಾಡಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಮೇಲಾಗಿ, ನೆರಳು ಬಂದದ್ದೇ ಟೋಮಿ ಪಿಯರ್ಸ್ ಹೇಳಿದ್ದು ನಿಜವೆಂಬುದಕ್ಕೆ ಸಾಕ್ಷಿಯಾಯಿತು. ಮೆಕ್ನರ್ ಅಲ್ಲಿ ಇಲ್ಲಿ ಕೊರೆದು ಮೆಮೊರಿ ಬಿಡಿಸಿಕೊಂಡು ಕಾವಲುಗಾರರನ್ನೂ ಕತ್ತಿವರಸೆಯನ್ನೂ ಸೇರಿಸಿದರು. ಅದಕ್ಕೆ ಮಾದರಿಯಾದದ್ದು 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದಲ್ಲಿ ಎರಲ್ ಫ್ಲಿನ್ ಮತ್ತು ಬೇಸಿಲ್ ರ‍್ಯಾತ್‌ಬೋನ್ ಸೆಣಸುವ ದೃಶ್ಯ. ಇಬ್ಬರೂ ಸರಿಯಾಗಿ ಪಕ್ಕನೋಟದಲ್ಲಿ ಸಿಗುವ ಕೆಲವೇ ಸೆಕೆಂಡುಗಳು ಅದರಲ್ಲಿದ್ದವು, ಅಷ್ಟೇ ಸಾಕಾಯಿತು.

ದಿನಚರಿಯ ಇನ್ನೊಂದು ಎಳೆ ಸಿನಿಮಾ. ಮೆಕ್ನರ್‌ಗೆ ಚಿತ್ರಕಥೆಗಾರನಾಗುವ ಆಸೆ. ಗೇಮನ್ನು ಬದಿಗಿಟ್ಟು ತಿಂಗಳುಗಟ್ಟಲೆ ‘ಇನ್ ದಿ ಡಾರ್ಕ್’ ಎಂಬ ಚಿತ್ರಕಥೆಯ ಹಿಂದೆ ಬಿದ್ದರು. ಹಾಲಿವುಡ್ ಆಸಕ್ತಿ ತೋರಿಸಿತು, ಸಿನಿಮಾ ಆಗಲಿಲ್ಲ. ಇತ್ತ ಆ್ಯಪಲ್ II ಯಂತ್ರದ ಕಾಲ ಮುಗಿಯುತ್ತಿತ್ತು. ಓದುಗನಿಗೆ ಇಲ್ಲಿ ತಾಳ್ಮೆ ಕೆಡುತ್ತದೆ. ಇಷ್ಟೊಳ್ಳೆಯ ಗೇಮನ್ನು ಬಿಟ್ಟು ಹೋಗುತ್ತಿದ್ದಾನಲ್ಲ ಎನಿಸುತ್ತದೆ. ಆದರೆ ದೃಶ್ಯವನ್ನು ಕಟ್ಟುವ, ಮಾತಿಲ್ಲದೆ ಕಥೆಯನ್ನು ಸಾಗಿಸುವ ಕಲೆ ಗೇಮಿಗೆ ಬಂದದ್ದು ಆ ಆಸೆಯಿಂದಲೇ. ರಾಜಕುಮಾರಿ ಕಳಿಸಿದ ಪುಟ್ಟ ಇಲಿಯೊಂದು ಬಂದು, ಸಿಕ್ಕಿಬಿದ್ದ ನಾಯಕನಿಗೆ ಬಾಗಿಲು ತೆರೆದುಕೊಡುವ ಪ್ರಸಂಗ ಇದಕ್ಕೆ ಸಾಕ್ಷಿ. ಕಾಲಹರಣವನ್ನೂ ಕಲಿಕೆಯನ್ನೂ ಬೇರ್ಪಡಿಸಲು ಆಗದ ಈ ಪುಟಗಳು ಸೃಜನಶೀಲ ಕೆಲಸದ ಬಗ್ಗೆ ಪ್ರಾಮಾಣಿಕವಾಗಿವೆ.

1989ರಲ್ಲಿ ಆ್ಯಪಲ್ II ಆವೃತ್ತಿ ಬಿಡುಗಡೆಯಾದ ಮೇಲಿನ ಭಾಗವನ್ನು ಅನೇಕರು ಸಪ್ಪೆ ಎನ್ನಬಹುದು. ಪೆಟ್ಟಿಗೆಯ ಚಿತ್ರ, ಜಾಹೀರಾತು, ಬೇರೆ ಬೇರೆ ಯಂತ್ರಗಳಿಗೆ ಅಳವಡಿಕೆ, ಮಾರಾಟದ ಲೆಕ್ಕ ಇವೇ ಅಲ್ಲಿ ತುಂಬಿವೆ. ಆರಂಭದಲ್ಲಿ ಗೇಮ್ ಅಮೆರಿಕದಲ್ಲಿ ಸೋತಿತು ಎಂದೇ ಹೇಳಬೇಕು. ಅದನ್ನು ಎತ್ತಿ ಹಿಡಿದದ್ದು ಜಪಾನ್, ಯುರೋಪಿನ ಆಟಗಾರರು, ಆಮೇಲೆ 1992ರ ಮ್ಯಾಕಿಂಟಾಷ್ ಆವೃತ್ತಿ. ಕರ್ನಾಟಕದಲ್ಲಿ 1990ರ ದಶಕದಲ್ಲಿ ಕಂಪ್ಯೂಟರ್ ಕಲಿತ ಪೀಳಿಗೆಯ ಅನೇಕರಿಗೆ ಪರಿಚಯವಾದದ್ದು 1990ರ ಡಾಸ್ ಆವೃತ್ತಿ. ಅದು ಹರಡಿದ್ದು ಫ್ಲಾಪಿಯಿಂದ ಫ್ಲಾಪಿಗೆ. ಸ್ವತಂತ್ರ ತಯಾರಕನ ದುಡಿಮೆಯಲ್ಲಿ ಗೇಮ್ ಬರೆಯುವುದು ಒಂದು ಪಾಲು, ಅದು ಅಂಗಡಿ ಸೇರಿ ಉಳಿಯುವಂತೆ ನೋಡಿಕೊಳ್ಳುವುದು ಇನ್ನೊಂದು ಪಾಲು. ಈ ಎರಡನೆಯದನ್ನು ಯಾರೂ ಬರೆದಿಡುವುದಿಲ್ಲ. ಸಪ್ಪೆಯಾದರೂ ಈ ಪುಟಗಳನ್ನು ಓದದೆ ದಾಟಬಾರದು.

ಕೊರತೆಗಳೂ ಇವೆ. ನಾಲ್ಕು ವರ್ಷ ಸಂಬಳವಿಲ್ಲದೆ ಒಂದು ಗೇಮಿನ ಹಿಂದೆ ಇರಲು ಸಾಧ್ಯವಾದದ್ದು ಹಳೆಯ ಗೇಮಿನ ರಾಯಲ್ಟಿಯಿಂದ. ಈ ಅನುಕೂಲದ ಅರಿವು ದಿನಚರಿಯಲ್ಲಿ ಸಾಕಷ್ಟಿಲ್ಲ. 2016ರಲ್ಲಿ ಬಂದ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ನಾಲ್ಕೂವರೆ ವರ್ಷ ಒಬ್ಬರೇ ಕೂತು ಕಟ್ಟಿದ ಎರಿಕ್ ಬರೋನ್, ಹೊಟ್ಟೆಪಾಡಿಗೆ ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಅರೆಕಾಲಿಕ ಕೆಲಸ ಮಾಡಬೇಕಿತ್ತು. ಇಂದಿನ ಬಹುಪಾಲು ತಯಾರಕರ ಸ್ಥಿತಿ ಅದಕ್ಕೇ ಹತ್ತಿರ. ಇನ್ನು, ಸಹೋದ್ಯೋಗಿಗಳ ಮಾತೆಲ್ಲ ಒಬ್ಬನ ಲೇಖನಿಯಿಂದಲೇ ಬರುವುದರಿಂದ ಅವರ ಪಕ್ಷ ಕೇಳಿಸುವುದೇ ಇಲ್ಲ. ಆದರೂ, ಗೇಮಿನ ಮೇಲೆ ಒಬ್ಬನದೇ ಹೆಸರು ಮೆರೆದರೂ ಅದರ ಮೈ ತಮ್ಮನದು, ಸಂಗೀತ ತಂದೆಯದು, ಹೋರಾಟ ಟೋಮಿ ಪಿಯರ್ಸ್ ಅವರ ಒತ್ತಾಯದ್ದು ಎಂಬುದನ್ನು ಬಯಲಿಗಿಡುವುದೂ ಇದೇ ದಿನಚರಿ.

2020ರ ಮುದ್ರಣದಲ್ಲಿ ಸೇರಿಸಿದ ರೇಖಾಚಿತ್ರ, ಪರದೆಚಿತ್ರಗಳಿಂದ ಓದು ಸುಲಭವಾಗಿದೆ. ಅಂಚಿನ ಟಿಪ್ಪಣಿಗಳು ಹೊಸ ಓದುಗನಿಗೆ ಬೇಕು. ಆದರೆ ಮುಂದೇನಾಯಿತೆಂದು ಹೇಳಿಬಿಡುವುದರಿಂದ ಆ ದಿನಗಳ ಆತಂಕ ಕೊಂಚ ಸಡಿಲವಾಗುತ್ತದೆ. ಮೊದಲ ಓದಿನಲ್ಲಿ ಅವುಗಳನ್ನು ಬಿಟ್ಟು ಬರೀ ದಿನಚರಿಯನ್ನು ಹಿಡಿಯುವುದು ಮೇಲು.

ಪ್ರೋಗ್ರಾಂ ಬರೆಯುವವರಿಗೆ ದಿನಚರಿ ಒಂದರಿಂದಲೇ ತೃಪ್ತಿಯಾಗದು, ಏಕೆಂದರೆ ಕೋಡಿನ ಒಳಗುಟ್ಟನ್ನು ಅದು ವಿವರಿಸುವುದು ಅಪರೂಪ. ಆ ಕೊರತೆ ಬೇರೆ ಕಡೆಯಿಂದ ತುಂಬಿತು. ಕಳೆದುಹೋಯಿತೆಂದು ಬಿಟ್ಟಿದ್ದ ಮೂಲ ಕೋಡಿನ ಫ್ಲಾಪಿಗಳು ತಂದೆಯ ಮನೆಯ ಪೆಟ್ಟಿಗೆಯೊಂದರಲ್ಲಿ 2012ರಲ್ಲಿ ಸಿಕ್ಕವು. ಹಳೆಯ ಕಂಪ್ಯೂಟರುಗಳನ್ನು ಬಲ್ಲವರು ಅವನ್ನು ಓದಿ ತೆಗೆದ ಮೇಲೆ ಮೆಕ್ನರ್ ಅದನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರು. ನೆರಳು ಮನುಷ್ಯ ಹುಟ್ಟಿದ ದಿನಗಳ ಪುಟಗಳನ್ನೂ ಅವನನ್ನು ಪರದೆಗೆ ತರುವ ಅಸೆಂಬ್ಲಿ ಕೋಡನ್ನೂ ಈಗ ಅಕ್ಕಪಕ್ಕ ಇಟ್ಟು ಓದಬಹುದು. ‘ಕರಾಟೆಕಾ’ದ ವಿಷಯದಲ್ಲಿ ಇಂಥದೇ ಕೆಲಸವನ್ನು ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ 2023ರಲ್ಲಿ ಮಾಡಿತು. ಅದು ಹೊರತಂದ, ಆಡುತ್ತಲೇ ನೋಡಬಹುದಾದ ಸಾಕ್ಷ್ಯಚಿತ್ರದಲ್ಲಿ ಅರೆಬರೆಯಾಗಿ ಉಳಿದ ಮಾದರಿಗಳೂ ಸೇರಿವೆ. ಆ ಮಾದರಿಗಳನ್ನು ಆಡಿ ನೋಡಿದವರಿಗೆ ಮೊದಲ ಪುಸ್ತಕದ ಓದು ಇನ್ನಷ್ಟು ರುಚಿಸುತ್ತದೆ.